ಐದು ಸಮಾಧಿ, ಒಂದು ಹುಣಸೆಮರ

ಕಾರ್ಡು ಬಂದದ್ದು ಶುಕ್ರವಾರ. ೧೯೫೭ರ ಆಗಸ್ಟ್ ತಿಂಗಳ ಕೊನೆಯ ವಾರ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಸತ್ಯಮೂರ್ತಿ ಮೇಷ್ಟ್ರು ಅದನ್ನು ಬಾಗಿಲಲ್ಲೇ ನಿಂತು ಒಮ್ಮೆ ಓದಿದರು. ಒಳಗೆ ಬಂದು ಕೂತು ಇನ್ನೊಮ್ಮೆ ಓದಿದರು. ಆಮೇಲೆ ನಶ್ಯದ ಡಬ್ಬಿ ತೆಗೆದು ಮೂಗಿನ ಎರಡೂ ಹೊಳ್ಳೆಗೆ ಒಂದೊಂದು ಚಿಟಿಕೆ ಏರಿಸಿ ಮೂರನೆಯ ಸಲ ಓದಿದರು. ಮೂರು ಸಲವೂ ಅದರಲ್ಲಿ ಅದೇ ನಾಲ್ಕು ಸಾಲುಗಳಿದ್ದವು.

ಬರೆದವರು ಬೆಂಗಳೂರಿನ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯ ಸಂಪಾದಕರು. ತಮ್ಮ ಲೇಖನ ಓದುಗರಿಗೆ ಬಹಳ ಹಿಡಿಸಿದೆ. ತಾವು ಕಣ್ಣಾರೆ ಕಂಡು ಬರೆದಿರುವ ಐದು ಸಮಾಧಿಗಳ ಚಿತ್ರ ಹಾಕಬೇಕೆಂದಿದ್ದೇವೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಸಣ್ಣ ರೈಲಿಗೆ ನಮ್ಮ ಛಾಯಾಗ್ರಾಹಕರು ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ದಯವಿಟ್ಟು ಜಾಗ ತೋರಿಸಿಕೊಡಿ.

ತೋರಿಸಿಕೊಡಲು ಸತ್ಯಮೂರ್ತಿಗಳಿಗೆ ಏನೂ ಅಭ್ಯಂತರವಿರಲಿಲ್ಲ. ಆ ಸಮಾಧಿಗಳನ್ನು ಅವರೂ ನೋಡಿರಲಿಲ್ಲ ಎನ್ನುವುದೊಂದೇ ತೊಂದರೆ.

ಆದದ್ದು ಹೀಗೆ. ಅದು ಸಿಪಾಯಿ ದಂಗೆಗೆ ನೂರು ವರ್ಷ ತುಂಬಿದ ವರ್ಷ. ನಿಮ್ಮ ಕಡೆ ಇಂಗ್ಲಿಷರ ಜೊತೆ ನಡೆದ ಕಾಳಗ ಯಾವುದಾದರೂ ಇದ್ದರೆ ಬರೆದು ಕಳಿಸಿ ಎಂದು ಪುರವಣಿಯವರು ಊರೂರಿನ ಮೇಷ್ಟ್ರುಗಳನ್ನು ಕೇಳಿದ್ದರು. ೧೮೫೭ರಲ್ಲಿ ಚಿಕ್ಕಬಳ್ಳಾಪುರದ ಸುತ್ತಮುತ್ತ ಏನೂ ನಡೆದಿರಲಿಲ್ಲ. ಸತ್ಯಮೂರ್ತಿಗಳು ಅರವತ್ತಾರು ವರ್ಷ ಹಿಂದಕ್ಕೆ ಹೋಗಿ ೧೭೯೧ಕ್ಕೆ ಬಂದರು. ಆ ವರ್ಷದ ಅಕ್ಟೋಬರ್ ೧೯ರಂದು ನಂದಿದುರ್ಗ ಇಂಗ್ಲಿಷರ ಕೈಸೇರಿದ್ದು ಎಲ್ಲರಿಗೂ ಗೊತ್ತು. ಅದನ್ನು ಬರೆದರೆ ಯಾರೂ ಓದುವುದಿಲ್ಲ. ಆದರೆ ಅವರ ಬಳಿ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ, ಮೊದಲ ಪುಟ ಹರಿದುಹೋಗಿದ್ದ ಒಬ್ಬ ಇಂಗ್ಲಿಷ್ ಲೆಫ್ಟಿನೆಂಟನ ದಿನಚರಿಯಿತ್ತು. ಅದರಲ್ಲಿ ಆ ಸೆಪ್ಟೆಂಬರ್ ತಿಂಗಳ ಒಂದು ದಿನಕ್ಕೆ ಮೂರು ವಾಕ್ಯಗಳಿದ್ದವು. ಶಿಡ್ಲಘಟ್ಟ ಬಿಟ್ಟು ಚಿಂತಾಮಣಿಯ ಕಡೆ ನಾಲ್ಕು ಗಂಟೆ ನಡೆದೆವು. ಒಂದು ಕೆರೆ, ಒಂದು ದೇವಸ್ಥಾನ, ಅವುಗಳ ಮೂಡಣಕ್ಕೆ ಬೋಳು ಬಂಡೆಯ ಗುಡ್ಡ. ಗುಡ್ಡದಿಂದ ಅರ್ಧ ಗಂಟೆ ಗುಂಡು ಹಾರಿತು, ನಮ್ಮವರು ಐವರು ಬಿದ್ದರು.

ಬಿದ್ದವರು ಸತ್ತಿರಬೇಕು ಎಂದುಕೊಂಡರು ಸತ್ಯಮೂರ್ತಿ. ಸತ್ತವರನ್ನು ಹೂಳಿರಬೇಕು. ಹೂಳುವುದಾದರೆ ನೆರಳಿರುವ ಕಡೆ ಹೂಳುತ್ತಾರೆ, ಆ ಸೀಮೆಯಲ್ಲಿ ನೆರಳೆಂದರೆ ಹುಣಸೆಮರ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಜುಲೈ ತಿಂಗಳ ಒಂದು ಸಂಜೆ ತಮ್ಮ ಮನೆಯ ನಡುಮನೆಯಲ್ಲಿ ಕೂತು ಅವರು ಬರೆದರು: ‘ಈ ಲೇಖಕನು ಆ ಸ್ಥಳವನ್ನು ಸ್ವತಃ ಕಂಡಿದ್ದಾನೆ. ಹುಣಸೆಮರದ ಬುಡದಲ್ಲಿ ಐದು ಸಮಾಧಿಗಳು ಇಂದಿಗೂ ಮೌನವಾಗಿ ಮಲಗಿವೆ.’

ತರಗತಿಯಲ್ಲಿ ಇದೇ ಸತ್ಯಮೂರ್ತಿಗಳು ಪುಸ್ತಕದಲ್ಲಿ ಇಲ್ಲದ್ದನ್ನು ಕಟ್ಟಿ ಬರೆದ ಹುಡುಗರಿಗೆ ಸೊನ್ನೆ ಕೊಟ್ಟು, ಸೊನ್ನೆಯ ಕೆಳಗೆ ಗೆರೆ ಎಳೆಯುತ್ತಿದ್ದರು. ಇಪ್ಪತ್ತಾರು ವರ್ಷ ಹಾಗೆ ಗೆರೆ ಎಳೆದಿದ್ದಾರೆ. ಈಗ ಸೋಮವಾರದೊಳಗೆ ಐದು ಸಮಾಧಿ ಮತ್ತು ಒಂದು ಹುಣಸೆಮರ ಸಿಗದಿದ್ದರೆ, ತಾನು ಸುಳ್ಳು ಬರೆದೆ ಎಂದು ಊರಿಗೇ ಗೊತ್ತಾಗುತ್ತದೆ.

“ಅದೇನು ಮೌನವಾಗಿ ಮಲಗಿವೆ ಅಂತ ಬರೆದಿದೀರಿ,” ಎಂದರು ಹೆಂಡತಿ ಜಾನಕಮ್ಮ, ವಿಷಯವೆಲ್ಲ ಕೇಳಿದ ಮೇಲೆ. “ಬೇರೆ ಕಡೆ ಸಮಾಧಿಗಳು ಮಾತಾಡ್ತಾವಾ?”

“ಅದು ಶೈಲಿ ಕಣೇ.”

“ಶೈಲಿಗೆ ಫೋಟೋ ತೆಗೆಯಕ್ಕೆ ಬರ್ತಿದಾರಲ್ಲ, ಈಗೇನು ಮಾಡ್ತೀರಿ?”

“ಭಾನುವಾರ ಹೋಗಿ ಹುಡುಕಣ. ದಿನಚರಿ ಸುಳ್ಳಲ್ಲ, ಗುಡ್ಡ ಇದ್ದೇ ಇರುತ್ತೆ. ಗುಡ್ಡ ಇದ್ರೆ ಸಮಾಧೀನೂ ಇರಬೇಕು.”

ಜಾನಕಮ್ಮ ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ನೆನೆಹಾಕಲು ಎದ್ದರು. ಹೋಗುವುದೇ ಆದರೆ ಹಸಿದುಕೊಂಡು ಹೋಗುವುದು ಬೇಡವೆಂಬುದು ಅವರ ನಿಲುವು.

ಕಾರು ಜಾನಕಮ್ಮನ ತಮ್ಮ ದಕ್ಷಿಣಾಮೂರ್ತಿಯದು. ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ಅವನು ನಂದಿಯ ದ್ರಾಕ್ಷಿ ತೋಟದವರೊಬ್ಬರಿಂದ ಹದಿನೆಂಟು ವರ್ಷದ ಹಳೆಯ ಆಸ್ಟಿನ್ ಕಾರೊಂದನ್ನು ಕೊಂಡಿದ್ದ. ಅದರ ಎಡಗಡೆಯ ಬಾಗಿಲುಗಳು ಹೊರಗಿನಿಂದ ಮಾತ್ರ ತೆರೆಯುತ್ತಿದ್ದವು, ಬಲಗಡೆಯವು ಒಳಗಿನಿಂದ ಮಾತ್ರ. ಆದ್ದರಿಂದ ಎಡಗಡೆ ಹತ್ತಿ ಬಲಗಡೆ ಇಳಿಯುವುದು ಆ ಕಾರಿನ ಪದ್ಧತಿ. ಹಾರನ್ ಇರಲಿಲ್ಲ. ಅದರ ಕೆಲಸವನ್ನು ದಕ್ಷಿಣಾಮೂರ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ಮಾಡುತ್ತಿದ್ದ. ತಲೆಗೆ ಮಲ್ಲಿಗೆ ವಾಸನೆಯ ಎಣ್ಣೆ ಧಾರಾಳವಾಗಿ ಹಚ್ಚುತ್ತಿದ್ದುದರಿಂದ, ಅವನು ತಲೆ ಹೊರಗೆ ಹಾಕಿದಾಗಲೆಲ್ಲ ಹಿಂದಿನ ಸೀಟಿನವರಿಗೆ ಸುವಾಸನೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರು. ಶಿಡ್ಲಘಟ್ಟದವರೆಗಿನ ಹನ್ನೊಂದು ಮೈಲಿ ಏನೂ ತೊಂದರೆಯಾಗಲಿಲ್ಲ. ಅಲ್ಲಿಂದ ಚಿಂತಾಮಣಿಯ ರಸ್ತೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಫಿರಂಗಿ ಎಳೆದುಕೊಂಡು ಹೋಗುವ ಸೈನ್ಯ ನಾಲ್ಕು ಗಂಟೆಯಲ್ಲಿ ನಾಲ್ಕು ಮೈಲಿ ಹೋಗಬಹುದು, ಹತ್ತು ಮೈಲಿಯೂ ಹೋಗಬಹುದು. ಆ ಆರು ಮೈಲಿಯ ಅಂತರದಲ್ಲಿ ಕೆರೆ, ದೇವಸ್ಥಾನ, ಮೂಡಣಕ್ಕೆ ಬೋಳು ಬಂಡೆಯ ಗುಡ್ಡ ಇಲ್ಲದ ಊರೇ ಇರಲಿಲ್ಲ. ಕೆಲವು ಊರುಗಳಿಗೆ ಎರಡೆರಡು ಗುಡ್ಡಗಳಿದ್ದವು.

“ಭಾವ, ನಿಮ್ಮ ಲೆಫ್ಟಿನೆಂಟ್ ಊರಿನ ಹೆಸರು ಬರೀಬಾರದಾಗಿತ್ತಾ?” ಎಂದ ದಕ್ಷಿಣಾಮೂರ್ತಿ.

“ಗುಂಡು ಹಾರ್ತಿರೋವಾಗ ಹೆಸರು ಕೇಳ್ತಾ ಕೂರಕ್ಕಾಗುತ್ತೇನಯ್ಯ.”

ಮೊದಲನೆಯ ಊರಿನಲ್ಲಿ ಅರಳಿಕಟ್ಟೆಯ ಮೇಲೆ ಪಟೇಲ ವೆಂಕಟರವಣಪ್ಪ ಕೂತಿದ್ದರು. ಸತ್ಯಮೂರ್ತಿ ಬಲಗಡೆಯಿಂದ ಇಳಿದು, ತಾಲ್ಲೂಕಿನ ನಕ್ಷೆಯನ್ನು ಕಟ್ಟೆಯ ಮೇಲೆ ಹರಡಿ, ಗೆರೆ ಹಾಕಿದ ನೋಟುಪುಸ್ತಕ ತೆರೆದು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಇಲ್ಲಿ ಹಿಂದೆ ಯುದ್ಧವೇನಾದರೂ ಆಗಿತ್ತೇ ಎಂದು ಕೇಳಿದರು.

ಪಟೇಲರು ನಕ್ಷೆ ನೋಡಿದರು, ಪೆನ್ಸಿಲ್ ನೋಡಿದರು.

“ನಮ್ಮೂರಾಗಾ? ಇಲ್ಲ ಸ್ವಾಮಿ. ನಮ್ಮೋರು ಮೊದ್ಲಿಂದ್ಲೂ ಜಗಳಕ್ಕೆ ಹೋಗೋ ಜನ ಅಲ್ಲ.”

“ನಿಮ್ಮೋರಲ್ಲ, ಇಂಗ್ಲಿಷರು. ನೂರ ಅರವತ್ತಾರು ವರ್ಷದ ಹಿಂದೆ.”

“ಅವ್ರೂ ಇಲ್ಲಿ ಮಾಡ್ಲಿಲ್ಲ. ಮುಂದ್ಲೂರಾಗೆ ಮಾಡಿರ್ಬೇಕು, ಅಲ್ಲಿ ಕೇಳಿ.”

ಮುಂದಿನ ಊರಿನಲ್ಲಿ ಅಂಗಡಿ ಕೋನಪ್ಪನನ್ನು ಕೇಳಿದಾಗ, ಯುದ್ಧ ಹಿಂದಿನ ಊರಿನಲ್ಲೇ ಆಗಿರಬೇಕು, ಆ ಪಟೇಲರ ಹೊಲದಲ್ಲೇ ಇರಬೇಕು, ಬೇಕಾದರೆ ಬರೆದುಕೊಳ್ಳಿ ಎಂದ. ಮೂರನೆಯ ಊರಿನವರು ಕಾರು ನಿಲ್ಲುವ ಮೊದಲೇ ಇಲ್ಲ ಇಲ್ಲ ಎಂದು ಕೈಯಾಡಿಸಿದರು. ಏನನ್ನು ಇಲ್ಲ ಎನ್ನುತ್ತಿದ್ದಾರೆ ಎಂದು ವಿಚಾರಿಸಿದರೆ, ಏನು ಕೇಳುತ್ತೀರೋ ಅದು ಇಲ್ಲ ಎಂದರು.

ಇದರ ಕಾರಣ ಗೊತ್ತಾದದ್ದು ನಾಲ್ಕನೆಯ ಊರಿನ ಬಾವಿಯ ಹತ್ತಿರ, ನೀರು ಸೇದುತ್ತಿದ್ದ ಚಿಕ್ಕವೆಂಕಟಮ್ಮ ಎಂಬಾಕೆ ಜಾನಕಮ್ಮನ ಹತ್ತಿರ ಮಾತಿಗಿಳಿದಾಗ. ಎರಡು ವರ್ಷದ ಹಿಂದೆ ಆ ಕಡೆಯ ಯಾವುದೋ ಊರಿನಲ್ಲಿ ಒಬ್ಬರ ಹೊಲದಲ್ಲಿ ಹಳೆಯ ಅಕ್ಷರದ ಕಲ್ಲು ಸಿಕ್ಕಿತಂತೆ. ಇದೇ ತರಹ ನಕ್ಷೆ, ಪೆನ್ಸಿಲ್ ಹಿಡಿದವರು ಬಂದು ನೋಡಿ ಬಹಳ ಹೊಗಳಿದರಂತೆ. ಆಮೇಲೆ ಸುತ್ತ ತಂತಿ ಬಿಗಿದು, ಇಲ್ಲಿ ಉಳಬಾರದು ಎಂದು ಬೋರ್ಡು ಹಾಕಿಹೋದರಂತೆ.

“ಒಂದು ಕಲ್ಲಿಗೇ ಅಷ್ಟಾದ್ರೆ ಯುದ್ಧಕ್ಕೆಷ್ಟು ತಂತಿ ಹಾಕ್ಬೇಡ ಅವ್ರು,” ಎಂದಳು ಚಿಕ್ಕವೆಂಕಟಮ್ಮ. “ನೀವು ಕೊಮ್ಮುಗುಟ್ಟಹಳ್ಳಿಗೆ ಹೋಗ್ರಮ್ಮ. ಅಲ್ಲಿ ಎರ್ರಪ್ಪಂಗೂ ಆವುಲಪ್ಪಂಗೂ ದಿನಾ ಯುದ್ಧ.”

ಕೊಮ್ಮುಗುಟ್ಟಹಳ್ಳಿಯಲ್ಲಿ ಕೆರೆ ಇತ್ತು, ದೇವಸ್ಥಾನವಿತ್ತು, ಮೂಡಣಕ್ಕೆ ಬೋಳು ಬಂಡೆಯ ಗುಡ್ಡವಿತ್ತು. ಗುಡ್ಡದ ತಪ್ಪಲಲ್ಲಿ ಹುಣಸೆಮರಗಳಿದ್ದವು. ಸತ್ಯಮೂರ್ತಿ ಎಣಿಸಿದರು: ಹನ್ನೊಂದು. ಹನ್ನೊಂದರ ಬುಡವನ್ನೂ ನೋಡಿದರು. ಎರಡರ ಕೆಳಗೆ ಎಮ್ಮೆ ಮಲಗಿದ್ದವು. ಅವೂ ಮೌನವಾಗಿಯೇ ಮಲಗಿದ್ದವು. ಸಮಾಧಿ ಒಂದೂ ಇರಲಿಲ್ಲ.

ಆದರೂ ಜಾಗ ಇದೇ ಇರಬೇಕು ಎಂದು ಅವರಿಗೆ ಅನ್ನಿಸಿತು. ದಾರಿ ಇಲ್ಲಿ ಗುಡ್ಡಕ್ಕೆ ಒತ್ತಿಕೊಂಡು ಹೋಗುತ್ತದೆ. ಮೇಲಿನ ಬಂಡೆಗಳ ಮರೆಯಲ್ಲಿ ನಲವತ್ತು ಜನ ಕೂರಬಹುದು. ಗುಂಡು ಹಾರಿಸುವವರು ಬೇರೆ ಊರು ಯಾಕೆ ಹುಡುಕುತ್ತಾರೆ? ಊರಿನವರು ಯಾರಾದರೂ ಹಳಬರು ಹೌದೆಂದು ಒಂದು ಮಾತು ಹೇಳಿದರೆ ಸಾಕು. ಊರೊಳಗೆ ಹೋದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇಡೀ ಊರು ಎರ್ರಪ್ಪನ ಮನೆಯ ಅಂಗಳದಲ್ಲಿತ್ತು.

ಎರ್ರಪ್ಪನ ಮನೆಯ ರೇಷ್ಮೆ ಹುಳು ಅವತ್ತು ಹಣ್ಣಾಗಿದ್ದವು. ಇಪ್ಪತ್ತೆಂಟು ದಿನ ಹಗಲೂ ರಾತ್ರಿ ಸೊಪ್ಪು ತಿಂದ ಹುಳು ಹಣ್ಣಾದ ದಿನ ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ, ಚಂದ್ರಂಕಿ ಎನ್ನುವ ಬಿದಿರಿನ ದೊಡ್ಡ ತಟ್ಟಿಯ ಸುರುಳಿಗಳ ನಡುವೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ, ಗೋಡೆಯಲ್ಲೇ ನೂಲು ಸುತ್ತಿ ಹಾಳು ಮಾಡುತ್ತವೆ. ಸಾವಿರಾರು ಹುಳು ಒಂದೇ ಹೊತ್ತಿಗೆ ಹಣ್ಣಾಗುವುದರಿಂದ ಅವತ್ತು ಕರೆಯದೆಯೇ ಊರೆಲ್ಲ ಬರುತ್ತದೆ. ಮಾತು ಬಿಟ್ಟವರೂ ಬರುತ್ತಾರೆ. ಬಂದು, ಮಾತಾಡದೆ ಹುಳು ಆರಿಸಿ ಹೋಗುತ್ತಾರೆ.

ಸತ್ಯಮೂರ್ತಿ ಅಂಗಳಕ್ಕೆ ಕಾಲಿಡುವ ಮೊದಲೇ ಎರ್ರಪ್ಪನ ಹೆಂಡತಿ ಅಮ್ಮಾಜಮ್ಮ ಎರಡು ಕೈ ಅಡ್ಡ ಹಿಡಿದು ನಿಂತಳು. ಮೂಗು ಒಂದೆರಡು ಸಲ ಅರಳಿತು.

“ನಶ್ಯ ಹಾಕ್ತೀರಾ?”

“ಸ್ವಲ್ಪ.”

“ಹೊಗೆಸೊಪ್ಪಿನ ಗಾಳಿ ತಗುಲಿದ್ರೆ ಹುಳ ಸಾಯ್ತಾವೆ. ಅಲ್ಲೇ ನಿಂತ್ಕೊಳ್ಳಿ ಸ್ವಾಮಿ. ಆ ಹಿಂದಿರೋರು ಯಾರು, ತಲೇಲಿ ಮಲ್ಲಿಗೆ ಅಂಗಡಿ ಇಟ್ಕೊಂಡಿರೋರು?”

“ನನ್ನ ಭಾವಮೈದ.”

“ಅವ್ರೂ ಅಲ್ಲೇ ಇರ್ಲಿ.” ಜಾನಕಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ಬನ್ನಿ ತಾಯಿ. ಕೈ ತೊಳ್ಕೊಂಡು ಆ ತಟ್ಟೆ ಹಿಡೀರಿ.”

ಜಾನಕಮ್ಮ ಏನೂ ಕೇಳದೆ ಸೆರಗು ಸಿಕ್ಕಿಸಿ ಒಳಗೆ ಹೋದರು.

“ಅಮ್ಮಾ, ನಾನು ಒಂದೇ ಒಂದು ವಿಷಯ ಕೇಳಿ ಹೊರಟುಬಿಡ್ತೀನಿ,” ಎಂದರು ಸತ್ಯಮೂರ್ತಿ.

“ಹುಳ ಏರೋ ತನಕ ಇಲ್ಲಿ ಯಾರೂ ಯಾವ ವಿಷಯಾನೂ ಮಾತಾಡಲ್ಲ. ಬೇಗ ಕೇಳ್ಬೇಕಂದ್ರೆ ಬೇಗ ಆರ್ಸಬೇಕು. ಬೇಗ ಆರ್ಸಬೇಕಂದ್ರೆ ಸ್ನಾನ ಮಾಡಿ ಬನ್ನಿ.”

ಹೀಗಾಗಿ, ೧೭೯೧ರ ಕಾಳಗದ ಬಗ್ಗೆ ಬರೆದ ಏಕೈಕ ಲೇಖಕರು ಬೆಳಿಗ್ಗೆ ಹನ್ನೊಂದು ಗಂಟೆಗೆ ಎರ್ರಪ್ಪನ ತೋಟದ ಬಾವಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ದಕ್ಷಿಣಾಮೂರ್ತಿ ಅವರ ತಲೆಯ ಮೇಲೆ ನಾಲ್ಕು ಬಿಂದಿಗೆ ನೀರು ಸುರಿದ. ಆಮೇಲೆ ಅವರು ಇವನ ತಲೆಯ ಮೇಲೆ ಒಂಬತ್ತು ಬಿಂದಿಗೆ ಸುರಿದು, ಸೀಗೆಪುಡಿ ಹಾಕಿ ತಿಕ್ಕಿದರು. ಮಲ್ಲಿಗೆ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅಮ್ಮಾಜಮ್ಮನ ಸೊಸೆಯೊಬ್ಬಳು ಬಂದು ನಶ್ಯದ ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದು ಹೊರಟಳು. ಚೇಳು ಹಿಡಿದವಳಂತೆ ಕೈ ದೂರ ಚಾಚಿ ನಡೆದು, ಅದನ್ನು ಕಾರಿನೊಳಗೆ ಎಸೆದು ಬಂದಳು. ಇಬ್ಬರಿಗೂ ಎರ್ರಪ್ಪನ ಒಗೆದ ಪಂಚೆ ಕೊಟ್ಟರು. ಎರ್ರಪ್ಪ ಆರಡಿಯ ಆಳು. ಪಂಚೆಯ ತುದಿ ಸತ್ಯಮೂರ್ತಿಗಳ ಎದೆಯವರೆಗೆ ಬಂತು.

ಹುಳು ಆರಿಸುವುದು ನೋಡಲು ಸುಲಭ. ಹಣ್ಣಾದದ್ದನ್ನು ಮಾತ್ರ ಎತ್ತಬೇಕು, ಕಾಯಿಯನ್ನು ಬಿಡಬೇಕು. ಮೆತ್ತಗೆ ಎತ್ತಬೇಕು, ಆದರೆ ಬೇಗ ಎತ್ತಬೇಕು. ಸತ್ಯಮೂರ್ತಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಪರಿಶೀಲಿಸಿ, ಹಣ್ಣು ಎಂದು ತೀರ್ಮಾನಿಸಿ, ಚಂದ್ರಂಕಿಗೆ ಬಿಡುವಷ್ಟರಲ್ಲಿ ಪಕ್ಕದಲ್ಲಿದ್ದ ಜಾನಕಮ್ಮ ಮೂವತ್ತು ಬಿಟ್ಟಿರುತ್ತಿದ್ದರು.

“ಪರೀಕ್ಷೆ ಪೇಪರ್ ತಿದ್ದಿದ ಹಾಗೆ ತಿದ್ದಬೇಡೀಂದ್ರೆ,” ಎಂದರು ಅವರು.

ಗೂಡು ಕಟ್ಟುವ ಮುಂಚೆ ಹುಳು ಹೊಟ್ಟೆಯಲ್ಲಿರುವ ನೀರನ್ನೆಲ್ಲ ಒಂದು ಸಲ ಹೊರಗೆ ಬಿಡುತ್ತದೆ. ಇದನ್ನು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಎತ್ತಿ ನಿಲ್ಲಿಸಿದ್ದ ಚಂದ್ರಂಕಿಯ ಕೆಳಗೆ ಅವರು ಕೂತಿದ್ದರು.

“ಮಳೆ ಹನೀತಿದೆ,” ಎಂದರು.

“ಹೌದು ನಾಯನಾ, ಒಳ್ಳೆ ಮಳೆ,” ಎಂದಳು ಎದುರಿಗೆ ಕೂತಿದ್ದ ಎಂಬತ್ತು ದಾಟಿದ ಅಕ್ಕಯ್ಯಮ್ಮ. ಅವಳು ಎರ್ರಪ್ಪನಿಗೆ ತಾಯಿ, ಆವುಲಪ್ಪನಿಗೆ ದೊಡ್ಡಮ್ಮ. ಅಂಗಳವೆಲ್ಲ ನಕ್ಕಿತು. ಯಾಕೆ ಎಂದು ಸತ್ಯಮೂರ್ತಿಗಳಿಗೆ ಗೊತ್ತಾಗಲು ಇನ್ನೂ ಎರಡು ಹನಿ ಬೇಕಾದವು.

ಒಂದು ಗಂಟೆಯ ಹೊತ್ತಿಗೆ ಮುಕ್ಕಾಲು ಹುಳು ಏರಿದ್ದವು. ಕೆಲಸದ ರಭಸ ಇಳಿಯಿತು. ಎರ್ರಪ್ಪ ತಾನಾಗಿಯೇ ಕೇಳಿದ:

“ಈಗೇಳಿ ಮೇಷ್ಟ್ರೇ, ಏನ್ಬೇಕಾಗಿತ್ತು?”

ಸತ್ಯಮೂರ್ತಿ ಹೇಳಿದರು. ಸೈನ್ಯ, ಗುಡ್ಡ, ಅರ್ಧ ಗಂಟೆಯ ಗುಂಡು, ಕಣ್ಣಾರೆ ಕಂಡದ್ದಾಗಿ ಪತ್ರಿಕೆಯಲ್ಲಿ ಬರೆದ ಐದು ಸಮಾಧಿ, ನಾಳೆ ಹತ್ತು ಗಂಟೆಗೆ ಬರುವ ಛಾಯಾಗ್ರಾಹಕ. ಅವನು ಬಂದಾಗ ಸಮಾಧಿ ಇಲ್ಲದಿದ್ದರೆ ತಮ್ಮ ಮಾನ ಹೋಗುತ್ತದೆ ಎಂಬುದನ್ನೂ ಹೇಳಿದರು. ಅವು ಬರಿಯ ಶೈಲಿ ಎಂಬುದನ್ನು ಮಾತ್ರ ಹೇಳಲಿಲ್ಲ.

ಎರ್ರಪ್ಪ ಕೈಯಲ್ಲಿದ್ದ ಹುಳುವನ್ನು ಚಂದ್ರಂಕಿಗೆ ಬಿಟ್ಟ. ಬೆಳಿಗ್ಗೆ ಕೇಳಿದ್ದರೆ ಇವನೂ ಇಲ್ಲ ಎನ್ನುತ್ತಿದ್ದ. ಆದರೆ ಈಗ ಮೇಷ್ಟ್ರು ಇವನ ಹುಳು ಆರಿಸಿದ್ದರು, ಇವನ ಪಂಚೆ ಉಟ್ಟಿದ್ದರು.

“ಐದೇ ಸಾಕಾ?”

“ಅಂದ್ರೆ?”

“ಕಲ್ಲು ಬೇಕಾದಷ್ಟು ಅವೆ. ಸಂಜೆ ನಾಲ್ಕಾಳು ಹಾರೆ ತಗೊಂಡೋದ್ರೆ ನಾಳೆ ಬೆಳಗಾಗೋದ್ರೊಳಗೆ ಐದು ಸಮಾಧಿ ನಿಲ್ತಾವೆ. ಇನ್ನೊಂದೆರಡು ಇರ್ಲಿ ಅಂದ್ರೆ ಅದೂ ಆಗ್ತದೆ.”

ಸತ್ಯಮೂರ್ತಿ ಬೇಡ ಎನ್ನಬೇಕು ಎಂದು ಬಾಯಿ ತೆರೆದರು. ಬಾಯಿಯಿಂದ ಬಂದದ್ದು ಬೇರೆ.

“ಕಲ್ಲು ಹಳೇದಾಗಿ ಕಾಣ್ಬೇಕು.”

“ಪಾಚಿ ಕಟ್ಟಿರೋವೇ ತರ್ತೀನಿ. ಮರಾನೂ ಒಳ್ಳೇದೇ ಐತೆ. ಆವುಲಪ್ಪನ ಹೊಲ್ದಾಗಿರೋ ಹುಣಸೆಮರ, ಹೇಳಿ ಮಾಡಿಸ್ದಂಗೈತೆ.”

ಆಗ ಎತ್ತಿ ನಿಲ್ಲಿಸಿದ್ದ ಚಂದ್ರಂಕಿಯ ಆಚೆ ಕಡೆಯಿಂದ ಒಂದು ಧ್ವನಿ ಬಂತು.

“ಮೇಷ್ಟ್ರೇ, ಆ ಎರ್ರಪ್ಪಂಗೆ ಹೇಳಿ. ಯುದ್ಧ ಆಗಿದ್ದು ಅವ್ನ ಹೊಲ್ದಾಗೆ, ನನ್ನ ಹೊಲ್ದಾಗಲ್ಲ.”

ಆವುಲಪ್ಪ ಅಲ್ಲೇ ಕೂತಿದ್ದ. ಬೆಳಿಗ್ಗೆಯಿಂದ ಎರ್ರಪ್ಪನ ಹುಳು ಆರಿಸುತ್ತಿದ್ದ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಾದ ಇವರಿಬ್ಬರೂ ಎರಡು ಹೊಲಗಳ ನಡುವಿನ ಬದುವಿನ ವಿಷಯದಲ್ಲಿ ಮಾತು ಬಿಟ್ಟು ಆರು ವರ್ಷವಾಗಿತ್ತು.

“ಆವುಲಪ್ಪಂಗೆ ಹೇಳಿ ಮೇಷ್ಟ್ರೇ,” ಎಂದ ಎರ್ರಪ್ಪ, ಚಂದ್ರಂಕಿಯ ಕಡೆ ನೋಡದೆ. “ನನ್ನ ಹೊಲ್ದಾಗೆ ಹುಣಸೆಮರಾನೇ ಇಲ್ಲ. ಯುದ್ಧ ಎಂಗಾಯ್ತದೆ?”

“ಯುದ್ಧಕ್ಕೆ ಮರ ಯಾಕ್ಬೇಕು ಅಂತ ಕೇಳಿ. ಗುಂಡು ಹಾರ್ಸಿದ್ದು ಬಂಡೆಯಿಂದ. ಬಂಡೆ ಯಾರ ಕಡೆ ಐತೆ ಅಂತ ಕೇಳಿ.”

“ಬಿದ್ದೋರು ಯಾರ ಕಡೆ ಬಿದ್ರು ಅಂತ ಕೇಳಿ.”

ಸತ್ಯಮೂರ್ತಿ ಇಬ್ಬರ ನಡುವೆ ಕೂತು ಅತ್ತ ಇತ್ತ ತಲೆ ತಿರುಗಿಸಿದರು. ಪ್ರತಿ ಮಾತನ್ನೂ ಅವರು ಮತ್ತೊಮ್ಮೆ ಹೇಳಬೇಕೇ, ಅಥವಾ ಕೇಳಿಸಿಕೊಂಡರೆ ಸಾಕೇ ಎಂಬುದು ಅವರಿಗೆ ತಿಳಿಯಲಿಲ್ಲ. ಎರಡು ಸಲ ಹೇಳಿದರು. ಮೂರನೆಯ ಸಲ ಬಿಟ್ಟರು. ಇಂಗ್ಲಿಷರ ಸೈನ್ಯ ಹತ್ತು ನಿಮಿಷದಲ್ಲಿ ಬದುವನ್ನು ಆರು ಸಲ ದಾಟಿತು.

“ಇಬ್ರಿಗೂ ಬೇಡ,” ಎಂದಳು ಅಕ್ಕಯ್ಯಮ್ಮ. “ಬದುವಿನ ಮೇಲೇ ನಿಲ್ಸಿ. ಈ ಕಡೆ ಎರಡೂವರೆ, ಆ ಕಡೆ ಎರಡೂವರೆ. ಸರ್ಕಾರ್ದೋರು ಎರಡು ಹೊಲಕ್ಕೂ ತಂತಿ ಹಾಕ್ಲಿ, ಬೋರ್ಡೂ ಅವ್ರೇ ಹಾಕ್ಲಿ. ನಂಗೂ ನಿಮ್ ಜಗಳ ಕೇಳಿ ಸಾಕಾಗೈತೆ.”

ಆಮೇಲೆ ಆವುಲಪ್ಪ ಎದ್ದು ಈಚೆ ಬಂದ. ಎರ್ರಪ್ಪನ ಕಡೆ ನೋಡಲಿಲ್ಲ. ಸತ್ಯಮೂರ್ತಿಗಳ ಮುಂದೆ ಕೂತು, ನೇರವಾಗಿ ಕೇಳಿದ:

“ಮೇಷ್ಟ್ರೇ, ಒಂದು ಮಾತು. ಆ ಸಮಾಧಿನ ನೀವು ಕಣ್ಣಾರೆ ಕಂಡಿದ್ದೀರಾ?”

ಸತ್ಯಮೂರ್ತಿಗಳ ಕೈಯಲ್ಲಿ ಒಂದು ಹುಳುವಿತ್ತು. ಅದು ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿತ್ತು. ಅಂಗಳದಲ್ಲಿ ಮೂವತ್ತು ಜನ ಕೈ ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಜಾನಕಮ್ಮ ಮಾತ್ರ ನೋಡಲಿಲ್ಲ. ಅವರು ಹುಳು ಆರಿಸುತ್ತಲೇ ಇದ್ದರು. ಹೌದು ಎಂದರೆ ಒಬ್ಬನ ಹೊಲ ಹೋಗುತ್ತದೆ. ಇಲ್ಲ ಎಂದರೆ ಇಪ್ಪತ್ತಾರು ವರ್ಷದ ಮಾತು ಹೋಗುತ್ತದೆ.

“ಇಲ್ಲ,” ಎಂದರು.

“ಮತ್ತೆ ಪೇಪರ್ನಾಗೆ ಕಂಡಿದ್ದೀನಿ ಅಂತ ಯಾಕ್ಬರೆದ್ರಿ?”

ಅದಕ್ಕೆ ಬಹಳ ಉತ್ತರಗಳಿದ್ದವು. ಬಿದ್ದವರು ಸತ್ತಿರಬೇಕು, ಸತ್ತವರನ್ನು ಹೂಳಿರಬೇಕು. ಸತ್ಯಮೂರ್ತಿ ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ.

“ಬರೆದಾಗ ಚೆನ್ನಾಗಿ ಕಾಣಿಸ್ತು.”

ಮೊದಲು ನಕ್ಕವಳು ಅಕ್ಕಯ್ಯಮ್ಮ. ಅವಳ ನಗು ಕೆಮ್ಮಾಗಿ, ಸೊಸೆ ಬಂದು ಬೆನ್ನು ತಟ್ಟಬೇಕಾಯಿತು. ಎರ್ರಪ್ಪ ಮಾತ್ರ ನಗದೆ ಆವುಲಪ್ಪನ ಮುಖವನ್ನು ನೇರವಾಗಿ ನೋಡಿ, ಆರು ವರ್ಷದ ಮೇಲೆ ಮೊದಲ ಸಲ, ಮಧ್ಯೆ ಯಾರನ್ನೂ ಇಟ್ಟುಕೊಳ್ಳದೆ ಮಾತಾಡಿದ.

“ಹಂಗಾದ್ರೆ ನಮ್ಮೂರಾಗೆ ಯುದ್ಧಾನೇ ಆಗ್ಲಿಲ್ಲ ಕಣೋ.”

“ಆಗ್ಲಿಲ್ಲ,” ಎಂದ ಆವುಲಪ್ಪ. “ಅವ್ರು ಹಂಗೇ ನೀರು ಕುಡ್ಕೊಂಡು ಹೋಗಿರ್ಬೇಕು.”

ಅಷ್ಟು ಹೇಳಿ ಅವನು ಎದ್ದು ಚಂದ್ರಂಕಿಯ ಆಚೆಗೆ ಹೋಗಿ ತನ್ನ ಜಾಗದಲ್ಲಿ ಕೂತ. ಅವತ್ತು ಅವರಿಬ್ಬರೂ ಮತ್ತೆ ಮಾತಾಡಲಿಲ್ಲ.

ಮೂರು ಗಂಟೆಗೆ ಹುಳುವೆಲ್ಲ ಏರಿದವು. ಹುಣಸೆಮರವೊಂದರ ಕೆಳಗೆ, ಎಮ್ಮೆಗಳಿಂದ ಸ್ವಲ್ಪ ದೂರದಲ್ಲಿ ಕೂತು ಪುಳಿಯೋಗರೆ ತಿಂದರು. ಅಮ್ಮಾಜಮ್ಮ ಎಳನೀರು ಕಳಿಸಿದ್ದಳು. ಹೊರಡುವಾಗ ಜಾನಕಮ್ಮನಿಗೆ, ಮುಂದಿನ ಬೆಳೆ ಹಣ್ಣಾಗುವಾಗ ಹೇಳಿ ಕಳಿಸುತ್ತೇನೆ, ತಪ್ಪದೆ ಬನ್ನಿ ಎಂದಳು. ಮೇಷ್ಟ್ರು ಬರದಿದ್ದರೂ ಪರವಾಗಿಲ್ಲ ಎಂದಳು.

ಶಿಡ್ಲಘಟ್ಟ ದಾಟಿದ ಮೇಲೆ ದಕ್ಷಿಣಾಮೂರ್ತಿ ಕೇಳಿದ:

“ಭಾವ, ನಾಳೆ ಏನು ಮಾಡ್ತೀರಿ? ಜ್ವರ ಅಂತ ತಂತಿ ಕೊಟ್ಟುಬಿಡಿ.”

“ಅದೂ ಕಟ್ಟಿ ಬರೆದ ಹಾಗೇ ಅಲ್ವೇನಯ್ಯ.”

“ಅದ್ರಲ್ಲಿ ಸಮಾಧಿ ಬರಲ್ವಲ್ಲ.”

“ಕಾರು ನೋಡ್ಕೊಂಡು ಹೊಡಿಯೋ ದಕ್ಷಿಣೀ,” ಎಂದರು ಜಾನಕಮ್ಮ. “ಅವರು ನಾಳೆ ಹೋಗ್ತಾರೆ.”

ಸೋಮವಾರ ಸಣ್ಣ ರೈಲು ಹತ್ತೂ ಇಪ್ಪತ್ತಕ್ಕೆ ಬಂತು. ಅದರಿಂದ ಹೆಗಲಿಗೆ ದೊಡ್ಡ ಚರ್ಮದ ಪೆಟ್ಟಿಗೆ ಹಾಕಿಕೊಂಡ, ನಿದ್ದೆಗಣ್ಣಿನ ಒಬ್ಬ ಮನುಷ್ಯ ಇಳಿದ. ಹೆಸರು ಮುನಿಶಾಮಿ. ಸತ್ಯಮೂರ್ತಿ ನಮಸ್ಕಾರ ಮಾಡಿದರು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಪ್ಲಾಟ್‌ಫಾರಂ ಮೇಲೇ ನಿಂತು ಒಂದೇ ಉಸಿರಿಗೆ ಹೇಳಿದರು. ಸಮಾಧಿ ಇಲ್ಲ. ತಾನು ನೋಡಿಲ್ಲ. ನೋಡಿದ್ದೇನೆ ಎಂದು ಬರೆದದ್ದು ಸುಳ್ಳು. ದಿನಚರಿಯ ಮೂರು ವಾಕ್ಯ ನಿಜ, ಉಳಿದದ್ದು ತನ್ನದು.

ಮುನಿಶಾಮಿ ಆಕಳಿಸಿದ.

“ಅದಕ್ಕೇನ್ಬಿಡಿ ಸಾರ್. ಒಂದು ತಿಂಗಳಲ್ಲಿ ಇದು ಒಂಬತ್ತನೇ ಯುದ್ಧಭೂಮಿ. ಎಲ್ಲೂ ಏನೂ ಇರಲ್ಲ. ಎರಡು ಕಡೆ ಗುಡ್ಡ ಇತ್ತು, ಅಷ್ಟೇ.”

“ಮತ್ತೆ ಚಿತ್ರ?”

“ಬರೆದೋರು ಎಲ್ಲಾದ್ರೂ ನಿಂತು ಕೈ ತೋರಿಸ್ತಾರೆ. ಕೆಳಗೆ ‘ಲೇಖಕರು ಯುದ್ಧಭೂಮಿಯನ್ನು ತೋರಿಸುತ್ತಿರುವುದು’ ಅಂತ ಹಾಕ್ತಾರೆ. ಓದೋರು ಬೆರಳು ನೋಡ್ತಾರೆ ಸಾರ್, ಆ ಕಡೆ ಏನಿದೆ ಅಂತ ನೋಡಲ್ಲ. ಬನ್ನಿ, ಆ ಸಿಗ್ನಲ್ ಹತ್ರ ನಿಂತ್ಕೊಳ್ಳಿ. ಬಲಗೈ ಎತ್ತಿ.”

ಸತ್ಯಮೂರ್ತಿ ಸಿಗ್ನಲ್ ಹತ್ತಿರ ನಿಂತರು. ಮುನಿಶಾಮಿ ಕ್ಯಾಮೆರಾ ಬಿಚ್ಚಿ ಕಣ್ಣಿಗೆ ಹಿಡಿದ.

“ಕೈ ಎತ್ತಿ ಸಾರ್.”

“ಎತ್ತಲ್ಲ.”

“ಸುಮ್ನೆ ಎತ್ತಿ. ಏನನ್ನೂ ತೋರಿಸ್ಬೇಡಿ.”

“ಕೈ ಎತ್ತಿದ್ರೆ ಏನಾದ್ರೂ ಒಂದನ್ನ ತೋರಿಸಿದ ಹಾಗಾಗುತ್ತಪ್ಪ.”

ಸತ್ಯಮೂರ್ತಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದನ್ನು ಇನ್ನೊಂದರಿಂದ ಗಟ್ಟಿಯಾಗಿ ಹಿಡಿದುಕೊಂಡರು. ಬೆಂಗಳೂರಿನಿಂದ ಬಂದು ಬರಿಗೈಯಲ್ಲಿ ಹಿಂದಿರುಗುವ ಹಾಗಿರಲಿಲ್ಲವಾದ್ದರಿಂದ ಮುನಿಶಾಮಿ ಹಾಗೇ ಒಂದು ಚಿತ್ರ ತೆಗೆದ. ಸತ್ಯಮೂರ್ತಿ ಜೇಬಿನಿಂದ ಒಂದು ಹಾಳೆ ತೆಗೆದು, ಸಂಪಾದಕರಿಗೆ ಕೊಡಬೇಕೆಂದು ಅವನ ಕೈಗಿತ್ತರು.

ಮುಂದಿನ ಭಾನುವಾರ ಪುರವಣಿಯ ನಾಲ್ಕನೆಯ ಪುಟದಲ್ಲಿ ಆ ಚಿತ್ರ ಬಂತು. ಕೈಕಟ್ಟಿಕೊಂಡ ಒಬ್ಬ ಮೇಷ್ಟ್ರು, ಹಿಂದೆ ಒಂದು ಸಿಗ್ನಲ್ ಕಂಬ. ಕೆಳಗೆ ಹೀಗಿತ್ತು: ‘ತಿದ್ದುಪಡಿ. ಶಿಡ್ಲಘಟ್ಟ–ಚಿಂತಾಮಣಿ ರಸ್ತೆಯ ಕಾಳಗದ ಬಗ್ಗೆ ಬರೆದ ಲೇಖಕರು ಅಲ್ಲಿನ ಸಮಾಧಿಗಳನ್ನು ನೋಡಿಲ್ಲವೆಂದೂ, ಅವು ಇರುವುದಕ್ಕೆ ಆಧಾರವಿಲ್ಲವೆಂದೂ, ಹುಣಸೆಮರಗಳು ಮಾತ್ರ ಹನ್ನೊಂದಿವೆಯೆಂದೂ ತಿಳಿಸಿದ್ದಾರೆ. ಚಿತ್ರದಲ್ಲಿ: ಲೇಖಕರು.’

ಹೆಡ್‌ಮಾಸ್ಟರು ಎರಡು ದಿನ ಸತ್ಯಮೂರ್ತಿಗಳ ಜೊತೆ ಮಾತಾಡಲಿಲ್ಲ; ಮೂರನೆಯ ದಿನ ಟೈಮ್‌ಟೇಬಲ್ ವಿಷಯಕ್ಕೆ ಮಾತಾಡಬೇಕಾಯಿತು.

ಹತ್ತು ದಿನದ ಮೇಲೆ ಪತ್ರಿಕೆಯ ಕಚೇರಿಯಿಂದ ಕಳಿಸಿದ ಲಕೋಟೆಯೊಂದು ಬಂತು. ಒಳಗೆ ಗೌರಿಬಿದನೂರು ತಾಲ್ಲೂಕು ಮಂಚೇನಹಳ್ಳಿಯಿಂದ ಕಂದಾಯ ಇಲಾಖೆಯ ಒಬ್ಬ ನಿವೃತ್ತ ಶೇಕದಾರರು ಬರೆದ ಮೂರು ಪುಟದ ಪತ್ರವಿತ್ತು. ತಿದ್ದುಪಡಿಯನ್ನು ಅವರು ಬಲವಾಗಿ ಖಂಡಿಸಿದ್ದರು. ಲೇಖಕರು ಯಾರ ಒತ್ತಾಯಕ್ಕೋ ಮಣಿದು ಸತ್ಯವನ್ನು ಮುಚ್ಚಿಟ್ಟಿದ್ದಾರೆ. ಆ ಸಮಾಧಿಗಳನ್ನು ನಾನು ೧೯೩೪ರಲ್ಲಿ ಸರ್ವಿಸಿನಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅವು ಐದಲ್ಲ, ಆರು. ಹುಣಸೆಮರದ ಕೆಳಗೆ ಮೌನವಾಗಿ ಮಲಗಿವೆ.

ಸತ್ಯಮೂರ್ತಿ ಅದನ್ನು ಮೊದಲು ತಮ್ಮಷ್ಟಕ್ಕೇ ಓದಿಕೊಂಡರು, ಆಮೇಲೆ ಜಾನಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ಜಾನಕಮ್ಮ ಮೊರದಿಂದ ತಲೆಯೆತ್ತದೆ, ಆರನೆಯದು ಯಾರದಂತೆ ಎಂದು ಕೇಳಿದರು. ಅದನ್ನು ಶೇಕದಾರರು ಬರೆದಿರಲಿಲ್ಲ.

ಸತ್ಯಮೂರ್ತಿ ಒಂದು ಕಾರ್ಡು ತೆಗೆದುಕೊಂಡು ಬಹಳ ಹೊತ್ತು ಕೂತು ಉತ್ತರ ಬರೆದರು. ಎರಡೇ ಸಾಲು.

‘ಮಹನೀಯರೇ, ದಯವಿಟ್ಟು ಇನ್ನೊಮ್ಮೆ ಹೋಗಿ ನೋಡಿ ಬನ್ನಿ. ಹೋಗುವ ದಿನ ಆ ಊರಿನಲ್ಲಿ ಹುಳು ಹಣ್ಣಾಗಿದ್ದರೆ ಬದಲಿ ಬಟ್ಟೆ ತೆಗೆದುಕೊಂಡು ಹೋಗುವುದು ಒಳ್ಳೆಯದು.’